ಎಷ್ಟು ಉಜ್ಜಿದರೂ ಚಾಕುವಿನ ಅಲಗಿನ ಮೇಲೆ ಗೀರುಗಳು ಉಳಿಯುವುದೇಕೆ? ಬೇರೆ ಉಕ್ಕು ಬಳಸಬೇಕೆ?

ನೀವು 1084 ಉಕ್ಕಿನಿಂದ ಕೈಯಾರೆ ಮಾಡಿದ ಅಲಗನ್ನು 1000 ನಂಬರಿನ ಎಮೆರಿ ಪೇಪರ್‌ವರೆಗೆ ಉಜ್ಜಿದ್ದರೂ, ಬೆಳಕಿಗೆ ಹಿಡಿದಾಗ ಅಡ್ಡ ಗೀರುಗಳು ಕಾಣುತ್ತಿವೆ ಎಂದು ಬರೆದಿದ್ದೀರಿ. ಉಕ್ಕನ್ನು ಬದಲಿಸಬೇಡಿ. ಸುಮಾರು ಶೇ 0.84ರಷ್ಟು ಇಂಗಾಲವಿರುವ 1084, ಮನೆಯ ಕುಲುಮೆಯಲ್ಲಿ ಹದಗೊಳಿಸಲು (ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಡಸುಗೊಳಿಸಲು) ಅತ್ಯಂತ ಅನುಕೂಲವಾದ ಉಕ್ಕುಗಳಲ್ಲಿ ಒಂದು. ಈಗ ಕಾಣುತ್ತಿರುವ ಗೀರುಗಳು ಬಹುಪಾಲು 80 ಅಥವಾ 120 ನಂಬರಿನ ಒರಟು ಕಾಗದದ ಹಂತದಲ್ಲೇ ಉಳಿದುಹೋದವು. ನಯವಾದ ಕಾಗದವು ಸುತ್ತಲಿನ ಮೇಲ್ಮೈಗೆ ಹೊಳಪು ಕೊಡುತ್ತದೆಯೇ ಹೊರತು ಅಷ್ಟು ಆಳದವರೆಗೆ ಉಕ್ಕನ್ನು ಸವೆಸಲಾರದು. ಆದ್ದರಿಂದಲೇ ಹೊಳಪು ಏರಿದಷ್ಟೂ ಹಳೆಯ ಗೀರು ಎದ್ದು ಕಾಣುತ್ತದೆ.

ಪರಿಹಾರವೆಂದರೆ ಮತ್ತೆ 120ಕ್ಕೆ ಹಿಂದಿರುಗುವುದು. ಕಾಗದವನ್ನು ಬೆರಳಿನಿಂದ ಒತ್ತದೆ, ಸಮತಟ್ಟಾದ ಉಕ್ಕಿನ ಪಟ್ಟಿಗೆ ಸುತ್ತಿ ಉಜ್ಜಿ. ಬೆರಳು ಮೆತ್ತಗಿರುವುದರಿಂದ ತಗ್ಗುಗಳೊಳಕ್ಕೂ ಇಳಿದು ಮೇಲ್ಮೈಯನ್ನು ಅಲೆಅಲೆಯಾಗಿಸುತ್ತದೆ. ಪ್ರತಿ ಹಂತದಲ್ಲೂ ದಿಕ್ಕನ್ನು ಬದಲಿಸಬೇಕು: 120ರಲ್ಲಿ ಉದ್ದಕ್ಕೆ, 220ರಲ್ಲಿ ಓರೆಯಾಗಿ, 400ರಲ್ಲಿ ಅದಕ್ಕೆ ಎದುರು ಓರೆಯಾಗಿ ಉಜ್ಜಿದರೆ, ಹಿಂದಿನ ಹಂತದ ಒಂದೇ ಒಂದು ಗೆರೆ ಉಳಿದಿದ್ದರೂ ಅದು ಅಡ್ಡಲಾಗಿ ತೋರುತ್ತದೆ, ಮತ್ತು ಅದು ಅಳಿಯುವವರೆಗೆ ಮುಂದಿನ ಕಾಗದವನ್ನು ಕೈಗೆತ್ತಿಕೊಳ್ಳಬಾರದು. ಸಂಶಯವಿದ್ದರೆ ಅಲಗಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ನಾಲ್ಕಾರು ಸಲ ಉಜ್ಜಿ ನೋಡಿ. ಶಾಯಿ ಎಲ್ಲಿ ಉಳಿಯುತ್ತದೆಯೋ ಅಲ್ಲಿ ತಗ್ಗಿದೆ. ಕಾಗದದ ವಿಷಯದಲ್ಲಿ ದಯವಿಟ್ಟು ಜಿಪುಣತನ ಬೇಡ, ಏಕೆಂದರೆ ಮೊಂಡಾದ ಕಾಗದ ಉಕ್ಕನ್ನು ಕತ್ತರಿಸುವುದಿಲ್ಲ, ಬರೀ ತಿಕ್ಕುತ್ತದೆ. ಕೊನೆಯ ಹಂತದಲ್ಲಿ ಹಿಡಿಯ ಕಡೆಯಿಂದ ಮೊನೆಯತ್ತ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಹಿಂದೆ ಮುಂದೆ ಆಡಿಸಿದರೆ, ಕೈ ತಿರುಗುವ ಕಡೆಯಲ್ಲೆಲ್ಲ ಗಾಳದ ಮುಳ್ಳಿನಂತೆ ಬಾಗಿದ ಗುರುತುಗಳು ಮೂಡುತ್ತವೆ.

ಮುಂದಿನ ಚಾಕುವಿಗೆ 220ರವರೆಗಿನ ಕೆಲಸವನ್ನು ಹದಗೊಳಿಸುವ ಮೊದಲೇ ಮುಗಿಸಿಕೊಳ್ಳಿ. ಆಗ ಉಕ್ಕು ಮೃದುವಾಗಿರುತ್ತದೆ, ಜೊತೆಗೆ ಎಣ್ಣೆಯಲ್ಲಿ ಅದ್ದಿದಾಗ ಬಿರುಕು ಹುಟ್ಟಲು ಆಳವಾದ ಗೀರುಗಳೇ ನೆಲೆಯಾಗುತ್ತವೆ. ಅಲಗಿನ ಬಾಯಿಯನ್ನು, ಅಂದರೆ ಕತ್ತರಿಸುವ ಅಂಚನ್ನು, ಮಾತ್ರ ಸುಮಾರು 1 ಮಿ.ಮೀ. ದಪ್ಪ ಉಳಿಸಿ. ಕಾಯಿಸಿದ ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ ಮೇಲೆ, 815ರ ಆಸುಪಾಸಿಗೆ ತಂದು, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ಗಾಜಿನಷ್ಟು ಪೆಡಸಾದ ಆ ಅಲಗನ್ನು ತಡಮಾಡದೆ 200 ಡಿಗ್ರಿಯ ಓವನ್‌ನಲ್ಲಿ ಎರಡೆರಡು ಗಂಟೆಯಂತೆ ಎರಡು ಬಾರಿ ಇಡಿ. ಆಮೇಲೆ ಯಂತ್ರದಲ್ಲಿ ಸಾಣೆ ಹಿಡಿಯುವಾಗ ಬರಿಗೈಯಲ್ಲಿ ಅಲಗನ್ನು ಹಿಡಿದು, ಬಿಸಿ ತಾಗಿದೊಡನೆ ನೀರಿಗೆ ಅದ್ದುತ್ತಿರಿ. ಬಾಯಿ ನೀಲಿಗೆ ತಿರುಗಿದರೆ ಅಲ್ಲಿನ ಗಡಸುತನ ಇಳಿಯಿತೆಂದೇ ಅರ್ಥ. ಬಣ್ಣವನ್ನು ಉಜ್ಜಿ ತೆಗೆಯಬಹುದು, ಗಡಸುತನ ಮರಳುವುದಿಲ್ಲ.

ಕನ್ನಡಿ ಹೊಳಪಿನ ಆಸೆಯನ್ನು ನಾನು ಪ್ರೋತ್ಸಾಹಿಸುವುದಿಲ್ಲ. ದಿನವೂ ಬಳಸುವ ಚಾಕುವಿಗೆ 400 ಅಥವಾ 600ರಲ್ಲಿ ನಿಲ್ಲಿಸಿದ ಮಂದ ಹೊಳಪೇ ಚೆಂದ. ಬಳಕೆಯ ಗೀರುಗಳು ಅದರಲ್ಲಿ ಬೆರೆತುಹೋಗುತ್ತವೆ, ಬೇಕೆಂದಾಗ ಮತ್ತೆ ಉಜ್ಜಿಕೊಳ್ಳಬಹುದು. 1084 ತುಕ್ಕು ಹಿಡಿಯುವ ಉಕ್ಕಾದ್ದರಿಂದ, ತೊಳೆದೊಡನೆ ಒರೆಸಿ ತೆಳುವಾಗಿ ಎಣ್ಣೆ ಸವರಿಡಿ.

ಹಿಡಿಯ ಬಗ್ಗೆ ಎರಡೇ ಮಾತು. ಅಲಗಿನ ಕಡೆಗಿರುವ ಮರದ ತುದಿಯನ್ನು ಅಂಟಿಸುವ ಮೊದಲೇ ನಯಗೊಳಿಸಿ, ಆಮೇಲೆ ಅಲಗಿಗೆ ಗೀರು ಬೀಳದಂತೆ ಅಲ್ಲಿ ಉಜ್ಜಲಾಗದು. ಮರಕ್ಕೆ ಅಗಸೆ ಎಣ್ಣೆ ಬಳಿದರೆ, ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುತ್ತಾ ಶಾಖ ಹುಟ್ಟಿಸುವುದರಿಂದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿ.