ಮೊಬೈಲ್ ಕಂಪನಿಯೊಂದು ನಮ್ಮ ಸಂಸ್ಥೆಗೆ ಡೇಟಾ ದಾನ ಮಾಡಲು ಒಪ್ಪಿದೆ. ಬೇಡಿಕೆ ಪತ್ರದಲ್ಲಿ ಯಾವ್ಯಾವ ಕಾಲಂ ಕೇಳಬೇಕು?

"ಹೇಗೂ ಉಚಿತ, ಆದಷ್ಟು ಸೂಕ್ಷ್ಮ ಮಟ್ಟದ್ದನ್ನೇ ಕೇಳಿಬಿಡೋಣ ಅಂತಿದ್ದೇವೆ" ಎಂಬ ನಿಮ್ಮ ಸಾಲು ಓದಿ ಸುಮ್ಮನಿರಲು ಆಗಲಿಲ್ಲ. ಪ್ರವಾಹದ ನಂತರ ಸಂಚಾರಿ ಚಿಕಿತ್ಸಾ ವಾಹನಗಳನ್ನು ಎಲ್ಲಿಗೆ ಕಳಿಸಬೇಕು ಎಂದು ತೀರ್ಮಾನಿಸಲು ನಾವೂ ಹೀಗೇ ಮೊಬೈಲ್ ಕಂಪನಿಯಿಂದ ಸಿಮ್‌ಗಳ ಓಡಾಟದ ಡೇಟಾ ಪಡೆದಿದ್ದೆವು. ಬೇಡಿಕೆ ಪತ್ರ ಬರೆದವನು ನಾನೇ. 'ಪ್ರತಿ ಟವರಿನಿಂದ ಪ್ರತಿ ಟವರಿಗೆ, ಗಂಟೆಗೊಮ್ಮೆ, ಎಷ್ಟು ಸಿಮ್ ಹೋದವು' ಎಂದು ಕೇಳಿದ್ದೆ. ಖಾಸಗಿತನದ ಬಗ್ಗೆ ಒಂದೇ ಸಾಲು: '15ಕ್ಕಿಂತ ಕಡಿಮೆ ಇರುವ ಸಂಖ್ಯೆಗಳನ್ನು ತೆಗೆದುಹಾಕತಕ್ಕದ್ದು.' ತೆಗೆದ ಜಾಗದಲ್ಲಿ ಏನಿರಬೇಕು ಎಂದು ಬರೆಯಲಿಲ್ಲ.

ಫೈಲಿನಲ್ಲಿ ಬಂದದ್ದು ಹೀಗೆ: ಟವರ್ 212, ಟವರ್ 87, 14ನೇ ತಾರೀಖು, 18 ಗಂಟೆ, ಆಮೇಲೆ ಅಲ್ಪವಿರಾಮ, ಅದರಾಚೆ ಏನೂ ಇಲ್ಲ. ನಮ್ಮ ಸ್ಕ್ರಿಪ್ಟ್ ಆ ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿತು. ನಕ್ಷೆಯಲ್ಲಿ ನದಿ ಪಕ್ಕದ ಸಣ್ಣ ಊರುಗಳೆಲ್ಲ ಬಿಳಿ. ಅಂದರೆ ಅಲ್ಲಿಗೆ ಯಾರೂ ಬಂದಿಲ್ಲ. ವಾಹನಗಳು ಪಟ್ಟಣಗಳ ಕಡೆ ಹೋದವು. ಆ 'ಬಿಳಿ' ಊರೊಂದರ ಶಾಲೆಯಲ್ಲಿ ಜನ ತುಂಬಿಕೊಂಡಿದ್ದಾರೆ ಎಂದು ಕ್ಷೇತ್ರ ಕಾರ್ಯಕರ್ತೆಯೊಬ್ಬರು ಹೇಳುವ ಹೊತ್ತಿಗೆ ಮೂರು ವಾರ ಕಳೆದಿತ್ತು.

ಈ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಒಂದು ಖಾಲಿ ಜಾಗಕ್ಕೆ ನಾಲ್ಕು ಅರ್ಥ ಇರಬಹುದು. ನಿಜವಾಗಿ ಯಾರೂ ಹೋಗಿಲ್ಲ. 1ರಿಂದ 14 ಸಿಮ್ ಹೋಗಿವೆ, ಮರೆಮಾಡಲಾಗಿದೆ. ಟವರಿಗೆ ಕರೆಂಟ್ ಇರಲಿಲ್ಲ. ಆ ಗಂಟೆಯ ಫೈಲೇ ಬಂದಿಲ್ಲ. ಮೊದಲನೆಯದಾದರೆ ಅಲ್ಲಿಗೆ ಹೋಗುವ ಅಗತ್ಯವಿಲ್ಲ. ಮೂರನೆಯದಾದರೆ ಬಹುಶಃ ಅಲ್ಲಿಗೇ ಮೊದಲು ಹೋಗಬೇಕು. ನಾಲ್ಕೂ ಒಂದೇ ಥರ ಕಾಣುವಂತೆ ಬಿಟ್ಟದ್ದು ಕಂಪನಿಯಲ್ಲ, ನನ್ನ ಬೇಡಿಕೆ ಪತ್ರ. ಹಾಗಾಗಿ ಸಂಖ್ಯೆಯ ಪಕ್ಕ 'ಸ್ಥಿತಿ' ಎಂಬ ಪ್ರತ್ಯೇಕ ಕಾಲಂ ಕಡ್ಡಾಯವಾಗಿ ಕೇಳಿ: ಅಳೆದಿದೆ, ಮರೆಮಾಡಿದೆ, ಟವರ್ ಬಂದ್, ಫೈಲ್ ಇಲ್ಲ. ಮರೆಮಾಡಿದ್ದಕ್ಕೆ ಸಂಖ್ಯೆಯ ಕಾಲಂನಲ್ಲೇ -1 ಹಾಕಿಸಿಕೊಳ್ಳಬೇಡಿ; ಯಾರಾದರೂ ಕೂಡಿಸುವಾಗ ಅದನ್ನೂ ಸೇರಿಸಿ ಮೊತ್ತ ಕೆಡಿಸುತ್ತಾರೆ.

ಇನ್ನು ಸೂಕ್ಷ್ಮ ಮಟ್ಟದ ವಿಚಾರ. 400 ಟವರ್ ಇವೆ ಎಂದುಕೊಳ್ಳಿ. ಟವರಿನಿಂದ ಟವರಿಗೆ, ಗಂಟೆಗೊಮ್ಮೆ ಎಂದರೆ 400 × 400 × 24, ದಿನಕ್ಕೆ 38,40,000 ಮನೆಗಳ (ಅಂದರೆ ಒಂದೊಂದು ಸಂಖ್ಯೆ ಬರೆಯುವ ಚೌಕಗಳ) ಕೋಷ್ಟಕ. ದಿನಕ್ಕೆ 2 ಲಕ್ಷ ಓಡಾಟ ಇದ್ದರೂ ಸರಾಸರಿ 19 ಮನೆಗೆ ಒಂದು ಓಡಾಟ ಕೂಡ ಸಿಗೋದಿಲ್ಲ. 15ರ ಮಿತಿ ಹಾಕಿದ ಕೂಡಲೇ ಬಹುಪಾಲು ಅಳಿಸಿಹೋಗುತ್ತದೆ. ಉಳಿಯುವುದು ಪಟ್ಟಣಗಳ ನಡುವಿನ ದಟ್ಟ ಓಡಾಟ ಮಾತ್ರ. ಅದೇ ಟವರ್‌ಗಳನ್ನು 40 ಪ್ರದೇಶಗಳಾಗಿ ಗುಂಪು ಮಾಡಿ ದಿನಕ್ಕೊಂದು ಸಂಖ್ಯೆ ಕೇಳಿದರೆ 1,600 ಮನೆ, ಸರಾಸರಿ 125. ಸಣ್ಣ ಊರಿನ ಪ್ರದೇಶವೂ ಉಳಿದುಕೊಳ್ಳುವ ಸಾಧ್ಯತೆ ಎಷ್ಟೋ ಹೆಚ್ಚು. ಹೆಚ್ಚು ಸೂಕ್ಷ್ಮವಾಗಿ ಕೇಳಿದಷ್ಟೂ ಕೈಗೆ ಬರುವುದು ಕಡಿಮೆ, ಕಳೆದುಹೋಗುವವರು ಯಾವಾಗಲೂ ಸಂಖ್ಯೆಯಲ್ಲಿ ಕಡಿಮೆ ಇರುವವರು.

ಮಿತಿಯನ್ನೇ ಸಡಿಲಿಸಿ, ಹೆಸರು ತೆಗೆದು ಒಬ್ಬೊಬ್ಬರ ದಾಖಲೆ ಕೊಡಿ ಎಂದು ಕೇಳುವ ಯೋಚನೆ ಇದ್ದರೆ ಈಗಲೇ ಬಿಡಿ. 15 ಲಕ್ಷ ಜನರ 15 ತಿಂಗಳ ಮೊಬೈಲ್ ಡೇಟಾ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜಾಗ ಮತ್ತು ಸಮಯದ ಕೇವಲ 4 ಬಿಂದುಗಳು ಗೊತ್ತಿದ್ದರೆ 95% ಜನರ ಜಾಡು ಬೇರೆ ಯಾರದ್ದರೊಂದಿಗೂ ಬೆರೆಯದೆ ಪ್ರತ್ಯೇಕವಾಗಿ ಸಿಕ್ಕಿಬಿಡುತ್ತಿತ್ತು. ಒಟ್ಟು ಲೆಕ್ಕವನ್ನೂ ಒಂದೇ ಗಡಿ ಪಟ್ಟಿಯ (ಯಾವ ಪ್ರದೇಶ ಎಲ್ಲಿಂದ ಎಲ್ಲಿಯವರೆಗೆ ಎಂಬ ಪಟ್ಟಿ) ಮೇಲೆ ಪಡೆಯಿರಿ. ಒಂದಕ್ಕೊಂದು ಅರ್ಧಂಬರ್ಧ ಹೊಂದುವ ಎರಡು ಗಡಿ ಪಟ್ಟಿಗಳ ಮೇಲೆ ಪಡೆದರೆ, ಒಂದರಿಂದ ಇನ್ನೊಂದನ್ನು ಕಳೆದು ಮರೆಮಾಡಿದ ಸಂಖ್ಯೆಯನ್ನು ಹೊರತೆಗೆಯಬಹುದು.

ಹಾಗಾಗಿ 'ಯಾವ ಕಾಲಂ' ಎಂಬ ಪ್ರಶ್ನೆಯಿಂದ ಶುರುಮಾಡುವುದನ್ನೇ ನಾನು ಒಪ್ಪುವುದಿಲ್ಲ. ಮೊದಲು ಒಂದು ವಾಕ್ಯ ಬರೆಯಿರಿ: ಯಾರು, ಯಾವ ದಿನದೊಳಗೆ, ಯಾವ ಆಯ್ಕೆಗಳ ನಡುವೆ ತೀರ್ಮಾನಿಸುತ್ತಾರೆ, ಎಷ್ಟು ಬಂದರೆ ತೀರ್ಮಾನ ಬದಲಾಗುತ್ತದೆ. ನಮ್ಮದು ಹೀಗಿರಬೇಕಿತ್ತು: 'ವಾಹನ ವ್ಯವಸ್ಥಾಪಕರು ಪ್ರತಿ ಸೋಮವಾರ ಬೆಳಿಗ್ಗೆ 40 ಪ್ರದೇಶಗಳಲ್ಲಿ 6ನ್ನು ಆರಿಸುತ್ತಾರೆ, ಹೊರಗಿನಿಂದ ಬಂದ ಸಿಮ್‌ಗಳು 200 ದಾಟಿದರೆ ಆ ಪ್ರದೇಶ ಪಟ್ಟಿಗೆ ಸೇರುತ್ತದೆ.' ಇದನ್ನು ಬರೆದಿದ್ದರೆ ಗಂಟೆಯ ಲೆಕ್ಕ ಬೇಡ ಎಂದು ಅಲ್ಲೇ ಗೊತ್ತಾಗುತ್ತಿತ್ತು. ಈ ವಾಕ್ಯ ಬರೆಯಲು ಆಗದಿದ್ದರೆ ಡೇಟಾ ತೆಗೆದುಕೊಳ್ಳಲೇಬೇಡಿ. 2010ರ ಹೈಟಿ ಭೂಕಂಪದ ನಂತರ ಸುಮಾರು 19 ಲಕ್ಷ ಸಿಮ್‌ಗಳ ಡೇಟಾದಿಂದ ಸಂಶೋಧಕರು ಕೇಳಿದ ಪ್ರಶ್ನೆಯೂ ಇಷ್ಟೇ ಕಿರಿದಾಗಿತ್ತು: ರಾಜಧಾನಿ ಬಿಟ್ಟವರು ಎಷ್ಟು, ಯಾವ ಕಡೆ ಹೋದರು.

ಆಮೇಲೆ ವ್ಯಾಖ್ಯೆಗಳು. ಹೊರಗಿನಿಂದ ಬಂದದ್ದು ಎನ್ನಲು ಮೊದಲು 'ವಾಸಸ್ಥಳ' ಗೊತ್ತಿರಬೇಕು; ಹಾಗೆಂದರೆ ಏನು? ಪ್ರವಾಹಕ್ಕೆ ಮುಂಚಿನ 4 ವಾರಗಳಲ್ಲಿ ರಾತ್ರಿ 7ರಿಂದ ಬೆಳಿಗ್ಗೆ 7ರವರೆಗೆ ಅತಿ ಹೆಚ್ಚು ದಿನ ಬಳಸಿದ ಪ್ರದೇಶ ಎಂದೋ, ಕೊನೆಯ ಕರೆ ಮಾಡಿದ ಜಾಗ ಎಂದೋ ನೀವೇ ಬರೆದುಕೊಡಿ. ಬರೆಯದಿದ್ದರೆ ಕಂಪನಿಯ ಎಂಜಿನಿಯರ್ ತಮಗೆ ಸುಲಭವಾದದ್ದನ್ನು ಆರಿಸುತ್ತಾರೆ. ಗಂಟೆ ಸ್ಥಳೀಯ ಸಮಯವೋ ಗ್ರೀನಿಚ್ ಸಮಯವೋ ಎಂದೂ ಬರೆಯಿರಿ, ಇಲ್ಲದಿದ್ದರೆ ರಾತ್ರಿ ಎಂದುಕೊಂಡದ್ದು ಹಗಲಾಗಿರುತ್ತದೆ. ಕರೆ ದಾಖಲೆಯಲ್ಲಿ ಫೋನ್ ಬಳಸಿದಾಗ ಮಾತ್ರ ಜಾಗ ಸಿಗುತ್ತದೆ. ಒಬ್ಬರ ಬಳಿ ಎರಡು ಸಿಮ್ ಇರುತ್ತವೆ, ಚಿಕ್ಕ ಮಕ್ಕಳ ಬಳಿ ಒಂದೂ ಇರುವುದಿಲ್ಲ. ಆದ್ದರಿಂದ ಕಾಲಂ ಹೆಸರು 'ಜನ' ಎಂದು ಇರಕೂಡದು, 'ಸಿಮ್' ಎಂದೇ ಇರಲಿ. ಪ್ರತಿ ಪ್ರದೇಶದಲ್ಲಿ ಆ ದಿನ ಸಕ್ರಿಯವಾಗಿದ್ದ ಒಟ್ಟು ಸಿಮ್ ಸಂಖ್ಯೆಯನ್ನೂ ಕೇಳಿ. ಅದಿಲ್ಲದೆ ಬಂದ ಏರಿಳಿತ ಜನರದ್ದೋ ನೆಟ್‌ವರ್ಕಿನದ್ದೋ ತಿಳಿಯುವುದಿಲ್ಲ.

ನಿಜವಾದ ಡೇಟಾ ಬರುವ ಮುಂಚೆ ಅದೇ ಕಾಲಂಗಳಿರುವ 200 ಸಾಲುಗಳ ಸುಳ್ಳು ಫೈಲ್ ತರಿಸಿಕೊಳ್ಳಿ. 'ಸ್ಥಿತಿ'ಯ ನಾಲ್ಕೂ ಬಗೆ ಅದರಲ್ಲಿ ಇರಲೇಬೇಕು. ಮರೆಮಾಡಿದ ಜಾಗಗಳಿಗೆ ಬೂದು ಬಣ್ಣ ಕೊಟ್ಟು ನಕ್ಷೆಯವರೆಗೆ ಓಡಿಸಿ, ವಾಹನ ವ್ಯವಸ್ಥಾಪಕರ ಕೈಗೆ ಕೊಟ್ಟು "ಈ ಬೂದು ಪ್ರದೇಶ ಅಂದರೆ ಏನು?" ಎಂದು ಕೇಳಿ. "ಅಲ್ಲಿ ಯಾರೂ ಇಲ್ಲ" ಎಂಬ ಉತ್ತರ ಬಂದರೆ ಪತ್ರಕ್ಕೆ ಸಹಿ ಹಾಕುವ ಹೊತ್ತು ಇನ್ನೂ ಬಂದಿಲ್ಲ. ನಾವು ಎರಡು ದಿನದ ಈ ಕೆಲಸ ಮಾಡಿದ್ದರೆ ಆ ಮೂರು ವಾರ ಹೋಗುತ್ತಿರಲಿಲ್ಲ.

ವ್ಯಾಪ್ತಿಯ ಹೊರಗೆ ಏನಿದೆ ಎಂಬುದನ್ನೂ ಬರೆದಿಡಿ: ವ್ಯಕ್ತಿಗಳನ್ನು ಹುಡುಕುವುದಿಲ್ಲ, ಮೂರನೆಯವರಿಗೆ ಕೊಡುವುದಿಲ್ಲ, ಬೇರೆ ಡೇಟಾ ಜೊತೆ ಜೋಡಿಸುವುದಿದ್ದರೆ ಮೊದಲೇ ಕೇಳುತ್ತೇವೆ. ಅಳಿಸುವ ತಾರೀಖು, ಅಳಿಸುವವರ ಹುದ್ದೆ ಎರಡೂ ಇರಲಿ.

ಕೊನೆಯದಾಗಿ, ಇದು ಉಚಿತವಲ್ಲ. ಪ್ರತಿ ವಾರ ಆ ಫೈಲ್ ತಯಾರಿಸಲು ಕಂಪನಿಯ ಒಬ್ಬರ ಸಮಯ ಬೇಕು. ವಾರಕ್ಕೆ ಎಷ್ಟು ಗಂಟೆ, ಎಷ್ಟು ತಿಂಗಳು, ಅವರು ರಜೆ ಹೋದಾಗ ಯಾರು, ಫೈಲ್ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಪತ್ರದ ಮೊದಲ ಪುಟದಲ್ಲೇ ಇರಲಿ. ನಮ್ಮದರಲ್ಲಿ ಇರಲಿಲ್ಲ. ಖಾಲಿ ಜಾಗದ ಅರ್ಥ ಕೇಳೋಣ ಎಂದರೆ ಆ ಫೈಲ್ ಮಾಡಿದವರು ಆಗಲೇ ಬೇರೆ ವಿಭಾಗಕ್ಕೆ ಹೋಗಿದ್ದರು.