ಕೀವರ್ಡ್ ಸಿಕ್ಕಿದೆ, ಅದು ಯಾವ ಫೈಲಿನದು ಅಂತ ಪತ್ತೆ ಮಾಡುವುದು ಹೇಗೆ?

ಡಿಸ್ಕ್ ಇಮೇಜ್‌ನಲ್ಲಿ (ಡಿಸ್ಕ್‌ನ ಪೂರ್ತಿ ನಕಲಿನಲ್ಲಿ) ಹುಡುಕಿದ ಪದ ಸಿಕ್ಕಿದೆ, ಆದರೆ ಕೈಯಲ್ಲಿರುವುದು ಬರೀ ಆಫ್‌ಸೆಟ್ (ಶುರುವಿನಿಂದ ಎಷ್ಟನೇ ಬೈಟ್ ಅನ್ನುವ ಲೆಕ್ಕ), ಫೈಲ್ ಹೆಸರು ಬೇಕು ಅಂತ ಕೇಳಿದ್ದೀರಿ. ಡಿಸ್ಕ್‌ನಲ್ಲಿರುವುದು ವಿಂಡೋಸ್‌ನ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್ ಅಂದುಕೊಂಡು ಹೇಳುತ್ತೇನೆ.

ಮೊದಲು ಲೆಕ್ಕ. ಪದ 5,12,48,576ನೇ ಬೈಟ್‌ನಲ್ಲಿದೆ ಅಂತಿಟ್ಟುಕೊಳ್ಳಿ. ಪಾರ್ಟಿಷನ್ 2048ನೇ ಸೆಕ್ಟರ್‌ನಿಂದ ಶುರುವಾಗಿದ್ದರೆ 2048 × 512 (ಸೆಕ್ಟರ್‌ಗೆ 512 ಬೈಟ್), ಅಂದರೆ 10,48,576 ಕಳೆಯಿರಿ. ಉಳಿದ 5,02,00,000 ಅನ್ನು ಕ್ಲಸ್ಟರ್ (ಫೈಲಿಗೆ ಜಾಗ ಹಂಚುವ ತುಂಡು) ಅಳತೆ 4096 ಬೈಟ್‌ನಿಂದ ಭಾಗಿಸಿದರೆ ಕ್ಲಸ್ಟರ್ 12255, ಶೇಷ 3520. ಶೇಷ ಅಂದರೆ ಆ ಕ್ಲಸ್ಟರ್ ಒಳಗೆ ಪದ ಇರುವ ಜಾಗ. ಬರೆದಿಟ್ಟುಕೊಳ್ಳಿ, ಅಸಲಿ ಕೆಲಸ ಅದರದ್ದೇ.

ಡಿಸ್ಕ್ ತನಿಖೆಯ ಉಪಕರಣಗಳ ಗುಂಪಾದ ಸ್ಲೂತ್ ಕಿಟ್‌ನ ಐಫೈಂಡ್‌ಗೆ ಕ್ಲಸ್ಟರ್ ನಂಬರ್ ಕೊಟ್ಟರೆ ಎಂಎಫ್‌ಟಿ (ಎಲ್ಲ ಫೈಲ್‌ಗಳ ವಿವರ ಇರುವ ಪಟ್ಟಿ) ರೆಕಾರ್ಡ್ ನಂಬರ್ ಬರುತ್ತದೆ. ಅದನ್ನು ಎಫ್‌ಫೈಂಡ್‌ಗೆ ಕೊಟ್ಟರೆ ಹೆಸರು. ರೆಕಾರ್ಡ್ 0 ಅಂತ ಬಂದರೆ ಗಾಬರಿ ಬೇಡ, ಆ ಕ್ಲಸ್ಟರ್ ಎಂಎಫ್‌ಟಿಯದ್ದೇ. ತೀರಾ ಚಿಕ್ಕ ಫೈಲಿನ ಡೇಟಾ ರೆಕಾರ್ಡ್ ಒಳಗೇ ಕೂತಿರುತ್ತದೆ. ಸಾಮಾನ್ಯವಾಗಿ ಆ 1024 ಬೈಟ್‌ನಲ್ಲೇ ಹೆಸರೂ ಇರುತ್ತದೆ.

ಹೆಸರು ಬಂತಲ್ಲ ಅಂತ ಇಲ್ಲಿಗೇ ನಿಲ್ಲಿಸಬೇಡಿ. ಕಲಿಯುವಾಗ ನಾನು ನಿಲ್ಲಿಸಿದ್ದೆ, ತಪ್ಪು ಫೈಲಿನ ಹೆಸರು ಬರೆದಿದ್ದೆ. ಆಮೇಲೆ ರೆಕಾರ್ಡ್‌ನ ವಿವರ ತೋರಿಸುವ ಐಸ್ಟ್ಯಾಟ್‌ನಲ್ಲಿ ಸೈಜ್ ನೋಡಿದರೆ, ಆ ಫೈಲ್ ತನ್ನ ಕೊನೆಯ ಕ್ಲಸ್ಟರ್‌ನಲ್ಲಿ ಬಳಸಿದ್ದು ಮೊದಲ 1200 ಬೈಟ್ ಮಾತ್ರ. ನನ್ನ ಪದ ಇದ್ದದ್ದು 3000ದ ಆಚೆ, ಅಂದರೆ ಸ್ಲ್ಯಾಕ್‌ನಲ್ಲಿ, ಫೈಲ್ ಮುಗಿದ ಮೇಲೆ ಕ್ಲಸ್ಟರ್‌ನಲ್ಲಿ ಉಳಿದ ಜಾಗದಲ್ಲಿ. ಮನೆ ಈಗ ಇವನದು, ಸಾಮಾನು ಹಳೆಯ ಬಾಡಿಗೆದಾರನದು!

ಹಳಬನನ್ನು ಹುಡುಕಲು ಐಫೈಂಡ್‌ಗೆ ‘ಎ’ ಆಯ್ಕೆ ಹಾಕಿ. ಒಂದು ಸಿಕ್ಕಿದ ಕೂಡಲೇ ನಿಲ್ಲದೆ, ಆ ಕ್ಲಸ್ಟರ್ ತನ್ನದು ಅನ್ನುವ ಎಲ್ಲ ರೆಕಾರ್ಡ್‌ಗಳನ್ನೂ ಅದು ತೋರಿಸುತ್ತದೆ. ಡಿಲೀಟ್ ಆದ ರೆಕಾರ್ಡ್ ಒಂದು ಸಿಕ್ಕಿತು ಅನ್ನಿ. ಅದರ ಫೈಲ್ ನೇಮ್ ಆಟ್ರಿಬ್ಯೂಟ್‌ನಲ್ಲಿ ಹೆಸರಿನ ಜೊತೆ ಫೋಲ್ಡರ್‌ನ ಗುರುತೂ ಇರುತ್ತದೆ, 8 ಬೈಟ್. ಹೆಕ್ಸ್‌ನಲ್ಲಿ 27 00 00 00 00 00 03 00 ಅಂತಿದ್ದರೆ ಮೊದಲ 6 ಬೈಟ್ ರೆಕಾರ್ಡ್ ನಂಬರ್, ಹೆಕ್ಸ್ 27 ಅಂದರೆ 39. ಕೊನೆಯ 2 ಬೈಟ್ ಸೀಕ್ವೆನ್ಸ್ ನಂಬರ್, 3. ರೆಕಾರ್ಡ್ ಡಿಲೀಟ್ ಆದಾಗ ಈ ನಂಬರ್ ಒಂದು ಏರುತ್ತದೆ. ಈಗ 39ನೇ ರೆಕಾರ್ಡ್ ತೆಗೆದು ನೋಡಿ. ಅಲ್ಲೂ 3 ಇದ್ದರೆ ಅದೇ ಫೋಲ್ಡರ್. 4 ಇದ್ದು ರೆಕಾರ್ಡ್ ಖಾಲಿ ಅಂತ ಗುರುತಾಗಿದ್ದರೆ ಅದೇ ಫೋಲ್ಡರ್, ಆದರೆ ಡಿಲೀಟ್ ಆಗಿದೆ. 4 ಇದ್ದು ಬಳಕೆಯಲ್ಲಿದ್ದರೆ ಅಲ್ಲಿ ಈಗ ಬೇರೆ ಯಾರೋ ಕೂತಿದ್ದಾರೆ. ಆ ಹೆಸರನ್ನು ಪಾತ್‌ಗೆ ಸುಮ್ನೆ ಅಂಟಿಸಬೇಡಿ.

ಫೈಲ್‌ಗಳಲ್ಲಾದ ಬದಲಾವಣೆ ದಾಖಲಿಸುವ ಯುಎಸ್ಎನ್ ಜರ್ನಲ್‌ನಲ್ಲೂ ಹಳೆಯ ಹೆಸರು ಸಿಗುತ್ತವೆ, ರೀನೇಮ್ ಆಗುವ ಮುಂಚಿನದೂ ಸೇರಿ. ಆದರೆ ಕ್ಲಸ್ಟರ್ ಯಾವುದು ಅಂತ ಅದು ಹೇಳುವುದಿಲ್ಲ. ಹಾಗಾಗಿ ಅದೊಂದನ್ನೇ ನೆಚ್ಚಿಕೊಂಡು ಇದು ಆ ಫೈಲಿನದೇ ಅನ್ನಲು ಬರುವುದಿಲ್ಲ.

ನಿಮ್ಮದು ಫ್ಯಾಟ್ ಅನ್ನುವ ಇನ್ನೊಂದು ಫೈಲ್ ವ್ಯವಸ್ಥೆ ಇರುವ ಪೆನ್‌ಡ್ರೈವ್ ಆಗಿದ್ದರೆ ಎಂಎಫ್‌ಟಿಯೇ ಇಲ್ಲ. ಡಿಲೀಟ್ ಆದಾಗ 32 ಬೈಟ್‌ನ ಡೈರೆಕ್ಟರಿ ಎಂಟ್ರಿಯ ಮೊದಲ ಬೈಟ್ ಇ5 ಆಗುತ್ತದೆ, ಹೆಸರಿನ ಮೊದಲ ಅಕ್ಷರ ಹೋಗುತ್ತದೆ. ಅದಕ್ಕಿಂತ ಸ್ವಲ್ಪ ಮುಂಚೆ, ತಾಗಿಕೊಂಡೇ, ಉದ್ದ ಹೆಸರಿನ ಎಂಟ್ರಿಗಳಿವೆಯಾ ನೋಡಿ. ಅವುಗಳಲ್ಲಿ ಮೊದಲ ಬೈಟ್ ಬರೀ ಕ್ರಮಸಂಖ್ಯೆ, ಹೆಸರು ಪೂರ್ತಿ ಉಳಿದಿರುತ್ತದೆ.