ಬೆನ್ನುಹುರಿಗೆ ಪೆಟ್ಟಾದ ಅಣ್ಣನಿಗೆ ನರ ಜೋಡಿಸಿದರೆ ಮೂತ್ರದ ಹಿಡಿತ ಮರಳುತ್ತದೆಯೇ?

ಕೆಲವರಿಗೆ ಮರಳಿದೆ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಚೀನಾದ ವೈದ್ಯ ಷಿಯಾವೊ ಚುವಾನ್‌ಗುವೊ ರೂಪಿಸಿದ ವಿಧಾನದಲ್ಲಿ ಸೊಂಟದ ಐದನೇ ನರದಲ್ಲಿ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ಮುಂಬೇರನ್ನು ಕತ್ತರಿಸಿ, ಮೂತ್ರಕೋಶಕ್ಕೆ ಹೋಗುವ ನರದ ಬೇರಿಗೆ ಹೊಲಿಯುತ್ತಾರೆ. ಚರ್ಮದಿಂದ ಸುದ್ದಿ ತರುವ ಹಿಂಬೇರನ್ನು ಮುಟ್ಟುವುದಿಲ್ಲ. ನರ ಬೆಳೆದು ಕೂಡಿಕೊಳ್ಳಲು ವರ್ಷವೇ ಬೇಕು. ಆಮೇಲೆ ಕಾಲಿನ ಚರ್ಮವನ್ನು ಉಗುರಿನಿಂದ ಕೆರೆದರೆ ಸಾಕು, ಮೂತ್ರಕೋಶ ಹಿಂಡಿಕೊಳ್ಳುತ್ತದೆ. ಚರ್ಮದ ಸುದ್ದಿ ಬೆನ್ನುಹುರಿಯಲ್ಲೇ ತಿರುಗಿ ಹೊಲಿದ ನರದ ಮೂಲಕ ಹೋಗುವುದರಿಂದ ಮಿದುಳಿನ ಅಪ್ಪಣೆ ಬೇಕಿಲ್ಲ. ಇದಕ್ಕೆ ಪೆಟ್ಟಿನ ಕೆಳಗಿನ ಹುರಿ ಜೀವಂತವಿರಬೇಕು.

2003ರ ಅವರ ವರದಿಯಲ್ಲಿ 15 ಮಂದಿಯಲ್ಲಿ 10 ಮಂದಿಗೆ ತೃಪ್ತಿಕರ ಹಿಡಿತ ಬಂದಿತ್ತು. ಬೇರೆ ವೈದ್ಯರ ಕೈಯಲ್ಲಿ ಅಷ್ಟು ಫಲಿಸಲಿಲ್ಲ, ಹಾಗಾಗಿ ನಾನು ಅವಸರ ಮಾಡಬೇಡಿ ಎನ್ನುತ್ತೇನೆ. ಸದ್ಯಕ್ಕೆ ಹೊತ್ತುಹೊತ್ತಿಗೆ ಕೈ ತೊಳೆದು ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಹಾಕುವುದನ್ನು ದಯವಿಟ್ಟು ತಪ್ಪಿಸಬೇಡಿ, ಅಣ್ಣನ ಕಿಡ್ನಿ ಕಾಯುವುದು ಅದೇ.